ಡೆಕ್ಕಿನೊಳಗಿನ ಮರ: ಹಳೆಯ ಫೈಬರ್ ಬೋಟಿನ ರಿಪೇರಿ

(ಕರಾವಳಿಯ ಬೋಟು ಮಾಲೀಕರು ಮತ್ತು ಫೈಬರ್ ಕೆಲಸಗಾರರ ಎದುರು ಆಡಿದ ಮಾತುಗಳ ಬರಹ ರೂಪ)

ಫೈಬರ್ ಬೋಟಿಗೆ ಕೊಳೆಯುವ ಭಯ ಇಲ್ಲ ಎಂದು ಹೇಳಿ ಮಾರುತ್ತಾರೆ, ನಾವೂ ನಂಬಿ ಕೊಳ್ಳುತ್ತೇವೆ. ಅದರಲ್ಲಿ ಅರ್ಧ ನಿಜ ಇದೆ. ಗಾಜಿನ ನಾರು ಕೊಳೆಯುವುದಿಲ್ಲ. ಅದನ್ನು ಹಿಡಿದಿಟ್ಟ ರೆಸಿನ್ನೂ ಮರದ ಹಾಗೆ ಕೊಳೆಯುವುದಿಲ್ಲ. ಆದರೆ ನಿಮ್ಮ ಬೋಟಿನ ಡೆಕ್ಕು, ಅಂದರೆ ನಾವು ಮೇಲೆ ನಡೆಯುವ ಹಾಸು, ಬರೀ ಫೈಬರ್ ಅಲ್ಲ. ಮೇಲೊಂದು ಫೈಬರ್ ಪದರ, ಕೆಳಗೊಂದು ಫೈಬರ್ ಪದರ, ನಡುವೆ ಮರ. ನಮ್ಮ ಕಡೆ ಆ ಮರ ಹೆಚ್ಚಾಗಿ ಪ್ಲೈವುಡ್. ಔಟ್‌ಬೋರ್ಡ್ ಎಂಜಿನ್ ಸಿಕ್ಕಿಸುವ ಹಿಂಬದಿ ಗೋಡೆಯ ಒಳಗೂ ಸಾಮಾನ್ಯವಾಗಿ ಅದೇ. ಅಮೆರಿಕದಲ್ಲಿ 1960, 70ರ ದಶಕದ ಹಾಯಿದೋಣಿಗಳ ಡೆಕ್ಕಿನಲ್ಲಿ ಈಕ್ವೆಡಾರಿನಿಂದ ಬಂದ ಬಾಲ್ಸಾ ಎಂಬ ಹಗುರ ಮರ ಇರುತ್ತಿತ್ತು. ಅಲ್ಲಿಯವರೂ ಇವತ್ತು ಇದೇ ತೊಂದರೆಯಲ್ಲಿ ಒದ್ದಾಡುತ್ತಿದ್ದಾರೆ. ವರ್ಷಗಳು ಕಳೆದ ಬೋಟಿನ ಡೆಕ್ಕಿನ ಮೇಲೆ ನಡೆಯುವಾಗ ಕಾಲಡಿ ತುಸು ಮೆದುವಾಗಿ ತಗ್ಗಿತು ಅಂದರೆ ಫೈಬರ್ ಹಾಳಾಯಿತು ಅಂತ ಅಲ್ಲ, ಒಳಗಿನ ಮರ ಕುಂಬಾಗಿದೆ, ಕೊಳೆತಿದೆ ಅಂತ ಅರ್ಥ.

ಆಗ ಸಾಮಾನ್ಯವಾಗಿ ಏನು ಮಾಡುತ್ತೇವೆ? ಮೆದುವಾದ ಜಾಗಕ್ಕೆ ಗ್ರೈಂಡರ್ ಹೊಡೆಸಿ, ಎರಡು ಪದರ ಮ್ಯಾಟ್ (ಗಾಜಿನ ನಾರಿನ ಹಾಸು) ಎಳೆಸಿ, ಮೇಲೆ ಬಣ್ಣ ಬಳಿದು ಆಗಸ್ಟಿನಲ್ಲಿ ನೀರಿಗಿಳಿಸುತ್ತೇವೆ. ಒಂದು ಸೀಸನ್ ಗಟ್ಟಿಯಾಗಿದ್ದ ಹಾಗೆ ಕಾಣುತ್ತದೆ. ಆಮೇಲೆ ಅದರ ಪಕ್ಕದಲ್ಲೇ ಇನ್ನೊಂದು ಜಾಗ ತಗ್ಗುತ್ತದೆ. ನಾನು ಇವತ್ತು ಹೇಳಲು ಬಂದಿರುವುದು ಒಂದೇ ವಿಷಯ. ಈ ರಿಪೇರಿ ಶುರುವಾಗಬೇಕಾದದ್ದು ಮೆದುವಾದ ಜಾಗದಿಂದ ಅಲ್ಲ, ನೀರು ಒಳಹೊಕ್ಕ ತೂತಿನಿಂದ. ಮೊದಲು ನೀರಿನ ದಾರಿ, ಆಮೇಲೆ ಮರ, ಕೊನೆಗೆ ಫೈಬರ್. ಈ ಸರದಿ ತಪ್ಪಿದರೆ ಎಷ್ಟು ಒಳ್ಳೆಯ ರೆಸಿನ್ ಸುರಿದರೂ ದುಡ್ಡು ದಂಡ.

ಎರಡು ಪದರ ಮ್ಯಾಟ್ ಯಾಕೆ ಸಾಲದು ಎನ್ನುವುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಮೇಲಿನ ಪದರ 4 ಮಿ.ಮೀ., ನಡುವೆ 12 ಮಿ.ಮೀ. ಪ್ಲೈವುಡ್, ಕೆಳಗಿನ ಪದರ 3 ಮಿ.ಮೀ. ಅಂತ ಇಟ್ಟುಕೊಳ್ಳಿ. ನೀವು ಮೇಲೆ ನಿಂತಾಗ ಮೇಲಿನ ಫೈಬರ್ ಒತ್ತಿಕೊಳ್ಳುತ್ತದೆ, ಕೆಳಗಿನದು ಎಳೆದುಕೊಳ್ಳುತ್ತದೆ. ಇವೆರಡೂ ಒಂದರ ಮೇಲೊಂದು ಜಾರದ ಹಾಗೆ, ಒಂದಕ್ಕೊಂದು ಹತ್ತಿರ ಬಾರದ ಹಾಗೆ ಹಿಡಿದಿಡುವುದು ನಡುವಿನ ಮರ. ಅದು ಗಟ್ಟಿಯಾಗಿರುವ ತನಕ ಮೂರೂ ಸೇರಿ ಒಂದೇ ಹಲಗೆ. ಅದು ಕೊಳೆತ ದಿನ ನಿಮ್ಮ ಕಾಲಡಿ ಇರುವುದು ಒಂದಕ್ಕೊಂದು ಸಂಬಂಧ ಇಲ್ಲದ ಎರಡು ತೆಳು ತಗಡು. ಲೆಕ್ಕ ಮಾಡಿದರೆ ಬಾಗದೆ ನಿಲ್ಲುವ ಶಕ್ತಿ 50ರಲ್ಲಿ ಒಂದು ಪಾಲಿಗೂ ಕೆಳಗಿಳಿದಿರುತ್ತದೆ. ಇನ್ನು ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಪದರ ಎಳೆದರೆ ಸಿಗುವ ದಪ್ಪ ಹೆಚ್ಚುಕಮ್ಮಿ 1 ಮಿ.ಮೀ. ಎರಡು ಪದರಕ್ಕೆ 2. ನಾಲ್ಕು ಇದ್ದದ್ದು ಆರಾಯಿತು. ಹೊಸ ಡೆಕ್ಕಿಗೆ ಇದ್ದ ಬಲದ 20ರಲ್ಲಿ ಒಂದು ಪಾಲು ವಾಪಸು ಬಂತು, ಅಷ್ಟೇ. ಮೇಲಾಗಿ ಒಳಗಿದ್ದ ನೀರಿಗೆ ಹೊರಹೋಗಲು ಇದ್ದ ಸಣ್ಣಪುಟ್ಟ ಬಿರುಕುಗಳನ್ನೂ ಮುಚ್ಚಿದ್ದಾಯಿತು.

ಇಲ್ಲಿ ಪ್ರವಾಸಿ ಬೋಟು ನಡೆಸುವವರೂ ಇದ್ದೀರಿ. ಸೇಂಟ್ ಮೇರಿಸ್ ದ್ವೀಪಕ್ಕೆ ಜನ ಒಯ್ಯುವವರು ಇದನ್ನು ಗಮನ ಇಟ್ಟು ಕೇಳಬೇಕು. ಮೀನಿನ ಬೋಟಿನ ಡೆಕ್ಕು ತಗ್ಗಿದರೆ ಬೋಟು ನಡೆಸುವ ತಂಡೇಲನಿಗೂ ಕೆಲಸದ ಕಲಾಸಿಗಳಿಗೂ ಗೊತ್ತಿರುತ್ತದೆ, ಅಲ್ಲಿ ಕಾಲಿಡುವುದಿಲ್ಲ. ಪ್ರವಾಸಿಗೆ ಗೊತ್ತಿಲ್ಲ. ಅವರು ಮಗುವನ್ನು ಎತ್ತಿಕೊಂಡು ಕಟಕಟೆಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಕಟಕಟೆಯ ಕಂಬದ ನಾಲ್ಕು ಬೋಲ್ಟು ಕಚ್ಚಿಕೊಂಡಿರುವುದು ಇದೇ ಮರವನ್ನು. ಕೆಳಗೆ ದೊಡ್ಡ ಪ್ಲೇಟು ಇಲ್ಲದೆ ಬರೀ ವಾಷರ್ ಹಾಕಿದ್ದರೆ, ಮರ ಕೊಳೆತ ಮೇಲೆ ಆ ಕಂಬ ಬುಡಸಮೇತ ಕಿತ್ತು ಬರುತ್ತದೆ. ಬೋಟಿನ ಅಂದಚಂದದ ಪ್ರಶ್ನೆ ಅಲ್ಲ ಇದು.

ಒಂದು ಮಾತು ಕೇಳಿದರೆ ಹಲವರು ನಂಬುವುದಿಲ್ಲ. ಡೆಕ್ಕಿನ ಮರ ಕೊಳೆಸುವುದು ಹೆಚ್ಚಾಗಿ ಸಮುದ್ರದ ನೀರಲ್ಲ, ಮಳೆ ನೀರು. ಮರ ತಿನ್ನುವ ಶಿಲೀಂಧ್ರಕ್ಕೆ ನೀರು, ಗಾಳಿ, ಬಿಸಿ ಮೂರೂ ಬೇಕು. ಉಪ್ಪು ಅದಕ್ಕೆ ಆಗಿಬರುವುದಿಲ್ಲ. ಹಿಂದೆ ಅಮೆರಿಕದಲ್ಲಿ ಮರದ ಹಡಗು ಕಟ್ಟುವವರು ಹೊರ ಹಲಗೆಗೂ ಒಳ ಹಲಗೆಗೂ ನಡುವಿನ ಸಂದಿಗೆ ಕಲ್ಲುಪ್ಪು ತುಂಬುತ್ತಿದ್ದದ್ದು ಇದೇ ಕಾರಣಕ್ಕೆ. ನಮ್ಮ ಹಿರಿಯರು ಮರದ ದೋಣಿಗೆ ಬೂತಾಯಿ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು. ಅದರ ಉದ್ದೇಶವೂ ಮರದೊಳಗೆ ನೀರು ಇಳಿಯದಂತೆ ನೋಡಿಕೊಳ್ಳುವುದೇ. ಮರದ ದೋಣಿಯಲ್ಲಿ ಒಂದು ಅನುಕೂಲ ಇತ್ತು. ಹಲಗೆ ಕೊಳೆತರೆ ಕಣ್ಣಿಗೆ ಕಾಣುತ್ತಿತ್ತು, ಮೇಸ್ತ್ರಿ ಉಳಿಯ ತುದಿ ಊರಿ ನೋಡಿ ಆ ಹಲಗೆಯಷ್ಟನ್ನೇ ಬದಲಾಯಿಸುತ್ತಿದ್ದ. ಫೈಬರ್ ಬೋಟಿನಲ್ಲಿ ಮರ ಕಾಣುವುದಿಲ್ಲ. ಉಡುಪಿ ಕಡೆ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ದಡಕ್ಕೆ ಎಳೆದು ನಿಲ್ಲಿಸಿದ ಬೋಟಿನ ಡೆಕ್ಕಿನ ಮೇಲೆ ಎರಡು ತಿಂಗಳು ಮಳೆ ನೀರು ನಿಂತರೆ, ಸಮುದ್ರದಲ್ಲಿ ಇಡೀ ಸೀಸನ್ ಓಡಾಡಿದ್ದಕ್ಕಿಂತ ಹೆಚ್ಚು ಹಾನಿ. ಆದ್ದರಿಂದ ಬೋಟು ಮೇಲೆಳೆದಾಗ ಮೂತಿ ಸ್ವಲ್ಪ ಎತ್ತರಿಸಿ, ನೀರು ಹರಿದುಹೋಗುವ ಹಾಗೆ ನಿಲ್ಲಿಸಿ, ಟಾರ್ಪಾಲು ಹೊದಿಸಿ. ಟಾರ್ಪಾಲನ್ನು ಡೆಕ್ಕಿಗೆ ಅಂಟಿಸಬೇಡಿ, ಅಡಿಯಲ್ಲಿ ಗಾಳಿ ಆಡಬೇಕು.

ಈಗ ಹುಡುಕುವ ಕೆಲಸ. ದೊಡ್ಡ ಉಪಕರಣ ಬೇಡ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿ ಸಾಕು, ಸಣ್ಣ ಸುತ್ತಿಗೆಯೂ ಆಗುತ್ತದೆ. ಡೆಕ್ಕಿನ ಮೇಲೆ ಅಂಗೈ ಅಗಲಕ್ಕೊಮ್ಮೆ ತಟ್ಟುತ್ತಾ ಹೋಗಿ. ಒಳಗೆ ಮರ ಗಟ್ಟಿ ಇದ್ದು ಫೈಬರಿಗೆ ಅಂಟಿಕೊಂಡಿದ್ದರೆ ಟಕ್ ಟಕ್ ಎಂದು ಚುರುಕಾಗಿ ಕೇಳುತ್ತದೆ. ಕೊಳೆತಲ್ಲಿ ದಬ್ ದಬ್. ಇಲ್ಲಿ ಮೇಜಿನ ಮೇಲೆ ಎರಡು ತುಂಡು ಇಟ್ಟಿದ್ದೇನೆ, ಒಂದೇ ಡೆಕ್ಕಿನಿಂದ ಕೊಯ್ದದ್ದು. ನೋಡಿ, ಇದು... ಇದು. ಹಿಂದಿನ ಸಾಲಿನವರಿಗೂ ವ್ಯತ್ಯಾಸ ಕೇಳಿಸಿತು ಅಲ್ಲವೇ? ತಟ್ಟುವಾಗ ಎಂಜಿನ್ ನಿಂತಿರಲಿ, ಪಕ್ಕದಲ್ಲಿ ಗ್ರೈಂಡರ್ ಓಡದಿರಲಿ. ಸದ್ದು ಬದಲಾದ ಕಡೆಯೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯಿರಿ.

ಗೆರೆ ಎಳೆದ ಮೇಲೆ ಸಣ್ಣ ತೂತು ಕೊರೆದು ಖಚಿತ ಮಾಡಿಕೊಳ್ಳಬೇಕು. ಡ್ರಿಲ್ಲಿಗೆ 4 ಅಥವಾ 5 ಮಿ.ಮೀ. ಬಿಟ್ ಹಾಕಿ, ಕೆಳಗಿನ ಫೈಬರ್ ದಾಟದಂತೆ ಬಿಟ್ಟಿಗೆ ಟೇಪು ಸುತ್ತಿ ಗುರುತು ಮಾಡಿ. ಬಿಟ್ಟಿನ ಜೊತೆ ಬರುವ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಬೆಳ್ಳಗೆ, ಗರಿಗರಿಯಾಗಿ ಬಂದರೆ ಒಳ್ಳೆಯ ಮರ. ಕಪ್ಪಾಗಿ, ಒದ್ದೆಯಾಗಿ, ಅಣಬೆಯ ವಾಸನೆ ಬಂದರೆ ಆ ಮರ ಮುಗಿಯಿತು. ಇವೆರಡರ ನಡುವೆ ಮೂರನೆಯದೊಂದಿದೆ: ಒದ್ದೆ, ಆದರೆ ಗಟ್ಟಿ. ಅದನ್ನು ಕಿತ್ತು ಬಿಸಾಡಬೇಕಿಲ್ಲ, ಒಣಗಿಸಬಹುದು. ಗೆರೆಯಿಂದ ಹೊರಗೆ ಹೋಗುತ್ತಾ ಒಣ ಮರ ಸಿಗುವ ತನಕ ಹೀಗೇ ಕೊರೆಯಿರಿ. ತೂತು ಜಾಸ್ತಿ ಆಯಿತೆಂದು ಹೆದರಬೇಡಿ, ಮುಚ್ಚುವುದು ಸುಲಭ. ಅಂದಾಜಿನ ಮೇಲೆ ಕೊಯ್ದು ಆಮೇಲೆ ಪಶ್ಚಾತ್ತಾಪ ಪಡುವುದು ಕಷ್ಟ.

ಒಂದು ಬೋಟಿನ ವಿಷಯ ಹೇಳುತ್ತೇನೆ. ಗಂಗೊಳ್ಳಿ ಕಡೆಯ ಬಲೆ ಬೋಟು. ಐಸ್ ತುಂಬುವ ಕೋಣೆಯ ಮುಚ್ಚಳದ ಹಿಂದೆ ಡೆಕ್ಕು ಮೆತ್ತಗಾಗಿತ್ತು. ಮಾಲೀಕರು ಮುಚ್ಚಳದ ಚೌಕಟ್ಟಿನಿಂದಲೇ ನೀರು ಇಳಿದಿದೆ ಎಂದು ಖಚಿತವಾಗಿ ನಂಬಿದ್ದರು. ಅದಕ್ಕೆ ಎರಡು ಸಲ ಸಿಲಿಕಾನ್ ಸಹ ಹಾಕಿಸಿದ್ದರು. ಮೇಲಿನ ಫೈಬರ್ ಎಬ್ಬಿಸಿದಾಗ ಪ್ಲೈವುಡ್ಡು ಕಾಫಿ ಚರಟದ ಹಾಗೆ ಕೈಗೆ ಬಂತು. ಆದರೆ ಮುಚ್ಚಳದ ಚೌಕಟ್ಟಿನ ಅಂಚಿಗೆ ತಾಗಿದ ಮರ ಮಾತ್ರ ಒಣಗಿಯೇ ಇತ್ತು! ಕಪ್ಪು ಕಲೆಯ ಜಾಡು ಹಿಡಿದು ಮುಂದೆ ಮುಂದೆ ಹೋದೆವು. ಅದು ನಿಂತದ್ದು ಮೂತಿಯ ಕಡೆ, ಚಪ್ಪರದ ಪೈಪು ನಿಲ್ಲಿಸಿದ ಬುಡದ ಪ್ಲೇಟಿನಲ್ಲಿ. ನಾಲ್ಕು ಬೋಲ್ಟು, ಅದರಲ್ಲಿ ಒಂದರ ಸುತ್ತ ಮಾತ್ರ ತುಕ್ಕಿನ ಕೆಂಪು ಉಂಗುರ. ಗಾಳಿಗೆ ಚಪ್ಪರ ಅಲುಗಾಡಿದಂತೆಲ್ಲ ಆ ಬೋಲ್ಟು ಹಿಡಿತ ಕಳೆದುಕೊಂಡಿತ್ತು. ಡೆಕ್ಕು ಮೂತಿಯ ಕಡೆ ಎತ್ತರ, ಹಿಂದಕ್ಕೆ ಇಳಿಜಾರು. ಪ್ಲೈವುಡ್ಡಿನ ಪದರಗಳ ನಾರಿನುದ್ದಕ್ಕೂ ನೀರು ಮೆಲ್ಲಗೆ ಹಿಂದೆ ಹರಿದು, ತಗ್ಗು ಸಿಕ್ಕಿದಲ್ಲಿ ನಿಂತು, ಅಲ್ಲಿ ಕೊಳೆಸಿತ್ತು. ಮುಚ್ಚಳದ ಹಿಂದಿನ ಜಾಗವನ್ನಷ್ಟೇ ಹೊಸದು ಮಾಡಿಬಿಟ್ಟಿದ್ದರೆ ಹೊಸ ಪ್ಲೈವುಡ್ಡಿಗೂ ಅದೇ ನೀರು ಕುಡಿಸುತ್ತಿದ್ದೆವು. ಆದ್ದರಿಂದ ಮೆದುವಾದ ಜಾಗ ಸಿಕ್ಕಿದ ತಕ್ಷಣ ಅದಕ್ಕಿಂತ ಎತ್ತರದಲ್ಲಿರುವ ಪ್ರತಿಯೊಂದು ಬೋಲ್ಟು, ಸ್ಕ್ರೂ, ಪೈಪಿನ ಬುಡ, ಹಗ್ಗ ಕಟ್ಟುವ ಗೂಟ ಇವನ್ನೆಲ್ಲ ಅನುಮಾನದಿಂದ ನೋಡಿ. ಬುಡದ ಸುತ್ತ ಜೇಡರ ಬಲೆಯಂಥ ಸಣ್ಣ ಬಿರುಕು ಇದ್ದರೆ ಅನುಮಾನ ಇನ್ನೂ ಗಟ್ಟಿ. ಮುಚ್ಚಳದ ಕೀಲಿಗೆ ಪ್ಲೈವುಡ್ಡಿಗೇ ನೇರವಾಗಿ ತಿರುಗಿಸಿದ ಸ್ಕ್ರೂಗಳಿರುತ್ತವಲ್ಲ, ನನ್ನ ಮಟ್ಟಿಗೆ ಅವೇ ಎಲ್ಲಕ್ಕಿಂತ ಕೆಟ್ಟವು.

ಸಣ್ಣ ತೂತು ಕೊರೆದು ಒಳಗೆ ಎಪಾಕ್ಸಿ ಎಂಬ ಗಟ್ಟಿ ಹಿಡಿತದ ರೆಸಿನ್ನನ್ನು ಸಿರಿಂಜಿನಲ್ಲಿ ತುಂಬಿಸಿದರೆ ಆಗುವುದಿಲ್ಲವೇ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಮರ ಒಣಗಿದ್ದು, ಫೈಬರ್ ಮಾತ್ರ ಅಂಟು ಬಿಟ್ಟಿದ್ದರೆ ಆಗುತ್ತದೆ. ಮರ ಒದ್ದೆ ಇದ್ದರೆ ಇಲ್ಲ. ನೀರು ಕೂತಲ್ಲಿ ಎಪಾಕ್ಸಿಗೆ ಜಾಗ ಇಲ್ಲ. ಅದು ಒಣಗಿದ ಸಂದಿಯಲ್ಲಿ ಅಷ್ಟು ದೂರ ಓಡಿ ಗಟ್ಟಿಯಾಗುತ್ತದೆ, ಕೊಳೆತ ಜಾಗ ಕೊಳೆತೇ ಇರುತ್ತದೆ.

ಇನ್ನು ಕೊಯ್ಯುವುದು. ಮೇಲಿನಿಂದ ಕೊಯ್ಯಬೇಕೋ ಕೆಳಗಿನಿಂದಲೋ? ಕೆಳಗಿನಿಂದ ಮಾಡಿದರೆ ಮೇಲಿನ ಜಾರದ ಮೈ ಹಾಗೇ ಉಳಿಯುತ್ತದೆ, ನಿಜ. ಆದರೆ ತಲೆಯ ಮೇಲೆ ಕೈ ಎತ್ತಿ, ಮುಖಕ್ಕೆ ರೆಸಿನ್ ತೊಟ್ಟಿಕ್ಕಿಸಿಕೊಂಡು, ಹೊಸ ಹಲಗೆಯನ್ನು ಊರೆ ಕೊಟ್ಟು ಮೇಲಕ್ಕೆ ಒತ್ತಿ ಹಿಡಿಯುವ ಕೆಲಸ ಅದು. ಎರಡು ಫೈಬರ್ ನಡುವೆ ಗಾಳಿ ಉಳಿಯದ ಹಾಗೆ ಅಂಟಿಸುವುದು ಬಹಳ ಕಷ್ಟ. ನಾನು ಯಾವಾಗಲೂ ಮೇಲಿನಿಂದಲೇ ಅನ್ನುತ್ತೇನೆ. ಭಾರ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಗ್ರೈಂಡರಿಗೆ ಕಟಿಂಗ್ ಡಿಸ್ಕ್ ಹಾಕಿ ಫೈಬರಿನ ದಪ್ಪದಷ್ಟು ಮಾತ್ರ ಇಳಿಸಿ. ಮೂಲೆಗಳನ್ನು ಚೌಕ ಮಾಡದೆ ದುಂಡಗೆ ಬಿಡಿ, ಚೂಪು ಮೂಲೆಯಿಂದ ಬಿರುಕು ಶುರುವಾಗುತ್ತದೆ. ಡೆಕ್ಕಿನ ಅಂಚು, ಗೋಡೆ ಸೇರುವ ಜಾಗಕ್ಕೆ ಒಂದೆರಡು ಇಂಚು ಬಿಟ್ಟು ಕೊಯ್ಯಿರಿ. ಹೊಸ ಫೈಬರ್ ಹಿಡಿಯಲು ಅಲ್ಲಿ ತುಟಿಯಷ್ಟು ಹಳೆಯದು ಬೇಕು. ದೊಡ್ಡ ಜಾಗ ಕೊಯ್ಯುವ ಮೊದಲು ಕೆಳಗಿನಿಂದ ಕಂಬ ಕೊಟ್ಟು ಡೆಕ್ಕಿನ ಆಕಾರ ಹಿಡಿದಿಡಿ. ತಗ್ಗಿದ ಆಕಾರದಲ್ಲೇ ಹೊಸ ಮರ ಅಂಟಿಸಿದರೆ ಡೆಕ್ಕು ಆಯುಷ್ಯಪೂರ್ತಿ ತಗ್ಗಾಗಿಯೇ ಇದ್ದು ಅಲ್ಲೇ ನೀರು ನಿಲ್ಲುತ್ತದೆ.

ಕೊಳೆತ ಮರವನ್ನು ಉಳಿಯಲ್ಲಿ ಎಬ್ಬಿಸಿ, ಕೆಳಗಿನ ಫೈಬರಿಗೆ ಅಂಟಿ ಉಳಿದದ್ದನ್ನು 40 ನಂಬರಿನ ಉಜ್ಜುವ ಡಿಸ್ಕಿನಲ್ಲಿ ತೆಗೆಯಿರಿ. ಅಂಚಿನ ಫೈಬರ್ ಅಡಿಗೂ ಕೈ ಹಾಕಿ ಮೆತ್ತಗಿರುವುದನ್ನು ಕೆದಕಿ. ಕೆಳಗಿನ ಪದರ ತೆಳು ಇರುತ್ತದೆ, ಅದನ್ನು ತೂತು ಮಾಡಬೇಡಿ.

ಒಣಗಿಸುವ ವಿಷಯಕ್ಕೆ ಬಂದಾಗ ನಮ್ಮ ಕರಾವಳಿಯ ದೊಡ್ಡ ಸಂಕಟ ಎದುರಾಗುತ್ತದೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ. ರಿಪೇರಿಗೆ ಬಿಡುವು ಸಿಗುವುದು ಆಗಲೇ. ಮರ ಒಣಗಿಸಲು ವರ್ಷದಲ್ಲಿ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಮರ ಗಾಳಿಯ ತೇವಕ್ಕೆ ತಕ್ಕ ಹಾಗೆ ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ. ಗಾಳಿಯ ಆರ್ದ್ರತೆ ಶೇ. 80 ಇದ್ದರೆ ಮರದ ತೇವಾಂಶ ಸುಮಾರು ಶೇ. 16ರಲ್ಲಿ ನಿಲ್ಲುತ್ತದೆ. ಆರ್ದ್ರತೆ ಶೇ. 90 ಇದ್ದರೆ ಶೇ. 20ರ ಹತ್ತಿರ. ಶಿಲೀಂಧ್ರ ಬೆಳೆಯದೆ ಇರಬೇಕಾದರೆ ಶೇ. 20ಕ್ಕಿಂತ ಕೆಳಗೆ ಇರಲೇಬೇಕು. ರೆಸಿನ್ ಚೆನ್ನಾಗಿ ಹಿಡಿಯಲು ಇನ್ನೂ ಕೆಳಗೆ. ಅಂದರೆ ಜುಲೈಯಲ್ಲಿ ಶೆಡ್ಡಿನ ಮಾಡಿನಡಿ ತಿಂಗಳುಗಟ್ಟಲೆ ಬಿಟ್ಟರೂ ಪ್ರಯೋಜನ ಇಲ್ಲ. ಒಣಗಿಲ್ಲ ಎನ್ನುವುದು ಕೆಲಸಗಾರನ ಸೋಮಾರಿತನ ಅಲ್ಲ, ಗಾಳಿಯ ಗುಣ.

ದಾರಿ ಇದೆ. ಕೊಯ್ದ ಜಾಗದ ಸುತ್ತ ಪ್ಲಾಸ್ಟಿಕ್ ಶೀಟಿನ ಗುಡಾರ ಕಟ್ಟಿ. ಒಳಗೆ ಹ್ಯಾಲೊಜೆನ್ ದೀಪವೋ ಹೀಟರೋ ಇಟ್ಟು, ಒಂದು ಕಡೆಯಿಂದ ಫ್ಯಾನಿನಲ್ಲಿ ಒಳಗಾಳಿ ಹೊರಹೋಗುವ ಹಾಗೆ ಮಾಡಿ. 26 ಡಿಗ್ರಿಯ, ಶೇ. 90 ಆರ್ದ್ರತೆಯ ಗಾಳಿಯನ್ನು 34 ಡಿಗ್ರಿಗೆ ಬಿಸಿ ಮಾಡಿದರೆ ಅದರ ಆರ್ದ್ರತೆ ಶೇ. 60ರ ಒಳಗೆ ಬರುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇ, ಆದರೆ ಬಿಸಿ ಗಾಳಿಗೆ ಇನ್ನೂ ನೀರು ಹಿಡಿಯುವ ಶಕ್ತಿ ಬಂದಿರುತ್ತದೆ. ಆಗ ಮರ ತನ್ನ ತೇವ ಬಿಡುತ್ತದೆ. ಒಣಗಿತೋ ಇಲ್ಲವೋ ನೋಡಲು, ಪಾರದರ್ಶಕ ಪ್ಲಾಸ್ಟಿಕ್ ಚೂರನ್ನು ಮರದ ಮೇಲೆ ನಾಲ್ಕೂ ಬದಿ ಟೇಪು ಹಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಅಡಿಯಲ್ಲಿ ಮಂಜು ಹಿಡಿದಿದ್ದರೆ ಇನ್ನೂ ಕಾಯಬೇಕು. ದೀಪ ಉರಿಯುವಾಗ ಆ ಗುಡಾರದೊಳಗೆ, ಥಟ್ಟನೆ ಬೆಂಕಿ ಹಿಡಿಯುವ ಅಸಿಟೋನಿನ ಡಬ್ಬಿ ತೆರೆಯಲೇಬಾರದು.

ಮೇ ತಿಂಗಳ ಕೊನೆಯ ವಾರದಲ್ಲಿ ಬೋಟು ಮೇಲೆಳೆಯಲು ಒಪ್ಪುವವರಿದ್ದರೆ ನಾನು ಅವರ ಕೈ ಹಿಡಿದು ಬೇಡಿಕೊಳ್ಳುತ್ತೇನೆ: ಮಳೆ ಬೀಳುವ ಮೊದಲು ಕೊಯ್ದು ಬಿಸಿಲಿಗೆ ಒಡ್ಡಿ. ಕೆಲವು ದಿನದ ಮೀನು ಹೋಗುತ್ತದೆ, ಒಪ್ಪುತ್ತೇನೆ. ನಾಡದೋಣಿಯವರಿಗೆ ಮಳೆಗಾಲವೇ ಸುಗ್ಗಿ, ಹಾಗಾಗಿ ಅವರು ಈ ಕೆಲಸ ಬೇಸಿಗೆಯಲ್ಲೇ ಮುಗಿಸಿಕೊಳ್ಳಬಹುದು. ಎಂಜಿನ್ ಸಿಕ್ಕಿಸುವ ಹಿಂಬದಿ ಗೋಡೆಯನ್ನು ತಟ್ಟಿ ನೋಡಲು ಅವರಿಗೆ ಅದೇ ಸರಿಯಾದ ಹೊತ್ತು.

ಹೊಸ ಮರ ಯಾವುದು ಹಾಕಬೇಕು? ಪ್ಲೈವುಡ್ಡೇ ಹಾಕುವುದಾದರೆ ಹಾಳೆಯ ಮೇಲೆ ಐಎಸ್ 710 ಎಂಬ ಗುರುತು ನೋಡಿ ತೆಗೆದುಕೊಳ್ಳಿ. ಅದು ಮೆರೈನ್ ಪ್ಲೈ, ಅದರ ಅಂಟನ್ನು 72 ಗಂಟೆ ಕುದಿಸಿ ಪರೀಕ್ಷಿಸುವ ನಿಯಮ ಇದೆ. ಐಎಸ್ 303 ಮನೆಯ ಕಪಾಟಿಗೆ. ಆದರೆ ಒಂದು ವಿಷಯ ಮರೆಯಬೇಡಿ. 710ರಲ್ಲಿ ಕುದಿಸಿ ನೋಡುವುದು ಅಂಟನ್ನು. ಸತತ ನೀರು ಕುಡಿದರೆ ಅದರ ಮರವೂ ಕೊಳೆಯುತ್ತದೆ. ಅದಕ್ಕೇ ನಾನು ಹಾಳೆಯನ್ನು ಇಡಿಯಾಗಿ ಹಾಕದೆ ಒಂದಡಿ ಆಸುಪಾಸಿನ ತುಂಡು ಮಾಡಿ, ಪ್ರತಿ ತುಂಡಿನ ನಾಲ್ಕೂ ಅಂಚಿಗೆ ಎಪಾಕ್ಸಿ ಕುಡಿಸಿ, ತುಂಡುಗಳ ನಡುವಿನ ಸಂದಿಯನ್ನೂ ಎಪಾಕ್ಸಿಯಿಂದಲೇ ತುಂಬುತ್ತೇನೆ. ಮುಂದೆಂದೋ ಒಂದು ಕಡೆ ನೀರು ಇಳಿದರೂ ಆ ತುಂಡಿಗೇ ನಿಲ್ಲುತ್ತದೆ. ಗಂಗೊಳ್ಳಿ ಬೋಟಿನಲ್ಲಿ ಆದ ಹಾಗೆ ಮೂತಿಯಿಂದ ಐಸ್ ಕೋಣೆಯ ತನಕ ಓಡುವುದಿಲ್ಲ. ಫೋಮ್ ಹಾಕುವವರೂ ಇದ್ದಾರೆ. ಪಿವಿಸಿ ಫೋಮ್ ಕೊಳೆಯುವುದಿಲ್ಲ, ಹಗುರ, ಆದರೆ ಬೆಲೆ ಹೆಚ್ಚು. ಗೂಟ, ಕಂಬ ಬರುವ ಜಾಗದಲ್ಲಿ ಬೋಲ್ಟಿನ ಒತ್ತಡಕ್ಕೆ ಅದು ಅಪ್ಪಚ್ಚಿಯಾಗುತ್ತದೆ, ಅಲ್ಲಿಗೆ ಗಟ್ಟಿ ತುಂಡು ಬೇರೆ ಕೂರಿಸಬೇಕು.

ರೆಸಿನ್ ಬಗ್ಗೆ ನನ್ನ ಅಭಿಪ್ರಾಯ ಎಲ್ಲರಿಗೂ ಹಿಡಿಸಲಿಕ್ಕಿಲ್ಲ. ಹೊಸ ಬೋಟು ಕಟ್ಟಲು ಮಾಮೂಲಿ ಪಾಲಿಯೆಸ್ಟರ್ ರೆಸಿನ್ ಸರಿ. ಹಳೆಯ ಡೆಕ್ಕಿನ ರಿಪೇರಿಗೆ ಎಪಾಕ್ಸಿಯೇ ಬೇಕು. ಹೊಸದಾಗಿ ಅಚ್ಚಿನಲ್ಲಿ ಎಳೆಯುವಾಗ ಪದರದಿಂದ ಪದರಕ್ಕೆ ಪಾಲಿಯೆಸ್ಟರ್ ಹಸಿಯಾಗಿರುವಾಗಲೇ ಬೆಸೆದುಕೊಳ್ಳುತ್ತದೆ. ಹದಿನೈದು ವರ್ಷ ಗಟ್ಟಿಯಾದ ಫೈಬರಿಗೆ, ಅದರಲ್ಲೂ ಮರಕ್ಕೆ, ಅದರ ಹಿಡಿತ ಸಾಲದು. ಎಪಾಕ್ಸಿ ದುಬಾರಿ, ಆದರೆ ಇಡೀ ಬೋಟಿಗಲ್ಲ, ಕೊಯ್ದ ಜಾಗಕ್ಕಷ್ಟೇ ಬೇಕಾದದ್ದು. ಎಪಾಕ್ಸಿ ಹಾಕಿದ ಮೇಲೆ ಅದರ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ (ಹೊರಮೈಯ ಬಣ್ಣದ ರೆಸಿನ್ ಪದರ) ಬಳಿಯಬೇಡಿ, ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯಬಹುದು. ಪಾಲಿಯುರೆಥೇನ್ ಬಣ್ಣ ಬಳಿಯಿರಿ. ಮತ್ತೊಂದು, ಅಂಗಡಿಯಲ್ಲಿ ಸಿಗುವ ಮಾಮೂಲಿ ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಎಂಬ ದ್ರವಕ್ಕೆ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಮ್ಯಾಟ್ ಬಿರುಸಾಗಿಯೇ ಉಳಿದು, ಮೂಲೆಯಲ್ಲಿ ಎದ್ದು ನಿಲ್ಲುತ್ತದೆ. ಎಪಾಕ್ಸಿಗೆ ನೇಯ್ದ ಗಾಜಿನ ಬಟ್ಟೆ ಅಥವಾ ಎಳೆಗಳನ್ನು ಎರಡು ದಿಕ್ಕಿಗೆ ಹಾಸಿ ಹೊಲಿದ ಬೈಯಾಕ್ಸಿಯಲ್ ಬಟ್ಟೆ ತನ್ನಿ.

ಅಂಟಿಸುವಾಗ ಮೊದಲು ತೆಳು ಎಪಾಕ್ಸಿಯನ್ನು ಕೆಳಗಿನ ಫೈಬರಿಗೂ ಮರದ ಅಡಿಗೂ ಬಳಿದು, ಮರ ಕುಡಿದಷ್ಟು ಕುಡಿಯಲು ಬಿಡಿ. ಆಮೇಲೆ ಸಿಲಿಕಾ ಪುಡಿ ಬೆರೆಸಿ ದಪ್ಪ ಮಾಡಿದ ಎಪಾಕ್ಸಿಯನ್ನು ಹಲ್ಲು ಹಲ್ಲಿನ ಕರಣೆಯಿಂದ ಹರಡಿ. ಮರದ ತುಂಡಿಗೆ ಅಲ್ಲಲ್ಲಿ ಸಣ್ಣ ತೂತು ಕೊರೆದಿರಲಿ. ತುಂಡು ಕೂರಿಸಿ ಮರಳು ಚೀಲ ಹೇರಿದಾಗ ಆ ತೂತುಗಳಿಂದ ಎಪಾಕ್ಸಿ ಉಕ್ಕಿ ಬರಬೇಕು. ಉಕ್ಕದ ಕಡೆ ಒಳಗೆ ಗಾಳಿ ಇದೆ ಎಂದರ್ಥ. ತುಂಡು ಎತ್ತಿ ಇನ್ನಷ್ಟು ಹಾಕಿ. ನಮ್ಮ ಸೆಕೆಗೆ ಎಪಾಕ್ಸಿ ಬೇಗ ಕೆರಳುತ್ತದೆ. ಡಬ್ಬಿ ತುಂಬ ಒಮ್ಮೆಗೇ ಕಲಸಿಟ್ಟರೆ ತಾನೇ ಬಿಸಿಯಾಗಿ ಹೊಗೆ ಎದ್ದೀತು. ಸ್ವಲ್ಪ ಸ್ವಲ್ಪ ಕಲಸಿ, ಅಗಲ ತಟ್ಟೆಗೆ ಸುರಿದು ಬಳಸಿ.

ಮೇಲಿನ ಫೈಬರಿನ ಅಂಚು ಬೆಸೆಯುವುದು ಹೇಗೆ ಎನ್ನುವುದರಲ್ಲಿ ರಿಪೇರಿಯ ಆಯುಷ್ಯ ಇದೆ. ಅಂಚಿಗೆ ಅಂಚು ತಾಗಿಸಿ ಪುಟ್ಟಿ ತುಂಬಿದರೆ ಅದು ಬೆಸುಗೆ ಅಲ್ಲ, ಒಂದೇ ವರ್ಷದಲ್ಲಿ ಗೆರೆ ಬಿಡುತ್ತದೆ, ಮತ್ತೆ ನೀರಿಗೆ ದಾರಿ. ಹಳೆಯ ಫೈಬರನ್ನು ಒಳಮುಖವಾಗಿ ಇಳಿಜಾರು ಉಜ್ಜಬೇಕು, ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ. 4 ಮಿ.ಮೀ. ದಪ್ಪ ಇದ್ದರೆ 48 ಮಿ.ಮೀ., ಎರಡು ಇಂಚು ಅನ್ನಿ. ಆ ಇಳಿಜಾರಿನ ಮೇಲೆ ಬಟ್ಟೆಯ ಪದರಗಳನ್ನು ಒಂದಕ್ಕಿಂತ ಒಂದು ಅಗಲವಾಗಿ ಎಳೆಯಿರಿ. ಕೊಯ್ದು ತೆಗೆದ ಹಳೆಯ ಫೈಬರ್ ತುಂಡನ್ನೇ ಮತ್ತೆ ಕೂರಿಸಬಹುದೇ ಅಂದರೆ, ಸಣ್ಣ ಜಾಗವಾದರೆ ಕೂರಿಸಿ. ಸುತ್ತ ಈ ಬೆಸುಗೆ ಮಾತ್ರ ತಪ್ಪಿಸುವಂತಿಲ್ಲ. ಮಳೆಗಾಲದಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಜಿಡ್ಡಿನಂಥ ತೆಳು ಪೊರೆ ಏಳುವುದುಂಟು. ಅದರ ಮೇಲೆ ಇನ್ನೊಂದು ಪದರವಾಗಲಿ ಬಣ್ಣವಾಗಲಿ ಹಿಡಿಯುವುದಿಲ್ಲ. ನೀರು ಹಾಕಿ ನಾರಿನಲ್ಲಿ ತಿಕ್ಕಿ ತೊಳೆದು, ಒಣಗಿಸಿ, ಆಮೇಲೆ ಉಜ್ಜಿ. ತೊಳೆಯದೆ ಉಜ್ಜಿದರೆ ಆ ಜಿಡ್ಡನ್ನೇ ಒಳಗೆ ತಿಕ್ಕಿದ ಹಾಗಾಗುತ್ತದೆ.

ಇಲ್ಲಿ ಕೆಲಸಗಾರ ಹುಡುಗರು ಬಹಳ ಮಂದಿ ಇದ್ದೀರಿ, ಅದಕ್ಕೆ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಪಾಲಿಯೆಸ್ಟರ್ ಕೆಲಸ ಮಾಡುವಾಗ ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರವವನ್ನೂ ಅದನ್ನು ಗಟ್ಟಿ ಮಾಡುವ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು. ಬೆಂಕಿ ಹತ್ತುತ್ತದೆ, ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಚೆನ್ನಾಗಿ ಕಲಸಿ, ಆಮೇಲಷ್ಟೇ ಹಾರ್ಡನರ್, ಅದೂ ಸಾಮಾನ್ಯವಾಗಿ ಶೇ. 1ರಿಂದ 2. ಒಂದೇ ಅಳತೆ ಮುಚ್ಚಳದಲ್ಲಿ ಎರಡನ್ನೂ ಅಳೆಯುವ ಅಭ್ಯಾಸ ಬಿಟ್ಟುಬಿಡಿ. ಆ ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಹಾರಿದ ಕ್ಷಣದಲ್ಲೇ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಓಡಿ. ಗ್ರೈಂಡರ್ ಹಿಡಿಯುವಾಗ ಮೂಗಿಗೆ ಬೈರಾಸು ಕಟ್ಟಿಕೊಂಡರೆ ಗಾಜಿನ ಧೂಳು ನಿಲ್ಲುವುದಿಲ್ಲ. ಸರಿಯಾದ ಮಾಸ್ಕು, ಕನ್ನಡಕ, ತುಂಬುತೋಳಿನ ಅಂಗಿ ಬೇಕು. ಮಾಲೀಕರೇ, ಇದನ್ನು ತಂದುಕೊಡುವುದು ನಿಮ್ಮ ಕೆಲಸ. ರಿಪೇರಿಯ ಒಟ್ಟು ಖರ್ಚಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ, ಆ ಹುಡುಗನ ಶ್ವಾಸಕೋಶಕ್ಕೆ ಮಾತ್ರ ಇದೇ ಎಲ್ಲ.

ಈಗ ಬೋಲ್ಟಿಗೆ ಬರೋಣ, ನೀರಿನ ದಾರಿಗೆ. ಡೆಕ್ಕು ಹೊಸದಾಯಿತೆಂದು ಖುಷಿಯಲ್ಲಿ ಅದರ ಮೇಲೆ ನೇರವಾಗಿ 10 ಮಿ.ಮೀ. ತೂತು ಕೊರೆದು ಗೂಟ ಕೂರಿಸಿದರೆ ಇಷ್ಟೂ ಹೊತ್ತು ಪಟ್ಟ ಪಾಡು ನೀರಿನಲ್ಲಿ ಹೋಮ. ತೂತಿನ ಗೋಡೆಯಲ್ಲಿ ಮರ ಬೋಳಾಗಿ ಕಾಣುತ್ತಿರುತ್ತದೆ. ನೀರು ಇಳಿಯದಂತೆ ಮೇಲೆ ಹಾಕಿದ ಸೀಲಂಟ್ ಒಂದಲ್ಲ ಒಂದು ದಿನ ಬಿಟ್ಟೇ ಬಿಡುತ್ತದೆ. ಬಿಟ್ಟ ದಿನ ನೀರಿಗೆ ಮರ ಸಿಗಬಾರದು. 10 ಮಿ.ಮೀ. ಬೋಲ್ಟಿಗೆ 16 ಅಥವಾ 18 ಮಿ.ಮೀ. ತೂತು ಕೊರೆಯಿರಿ, ಕೆಳಗಿನ ಫೈಬರ್ ದಾಟದೆ. ಮರದ ಮೈಗೆ ತೆಳು ಎಪಾಕ್ಸಿ ಬಳಿದು, ಆ ತೂತನ್ನು ದಪ್ಪ ಎಪಾಕ್ಸಿಯಿಂದ ಪೂರ್ತಿ ತುಂಬಿ. ಗಟ್ಟಿಯಾದ ಮೇಲೆ ಅದರ ನಡುವೆ 10 ಮಿ.ಮೀ. ಕೊರೆಯಿರಿ. ಈಗ ಬೋಲ್ಟಿನ ಸುತ್ತ ಎಪಾಕ್ಸಿಯ ಗೋಡೆ ಇದೆ. ಸೀಲಂಟ್ ಸೋತರೂ ನೀರು ಕೆಳಗೆ ತೊಟ್ಟಿಕ್ಕೀತೇ ಹೊರತು ಮರಕ್ಕೆ ಇಳಿಯದು. ಹಳೆಯ ಡೆಕ್ಕಿನಲ್ಲಿ ಇನ್ನೂ ಗಟ್ಟಿ ಇರುವ ಜಾಗದ ಬೋಲ್ಟುಗಳಿಗೂ ಇದನ್ನೇ ಮಾಡಿ. ನನ್ನನ್ನು ಕೇಳಿದರೆ, ಡೆಕ್ಕು ಕೊಯ್ಯುವ ಪ್ರಮೇಯ ಬಾರದ ಬೋಟಿನಲ್ಲೂ ಇದೊಂದು ಕೆಲಸ ಮಾಡಿಸಿದರೆ ಅದರಷ್ಟು ಲಾಭದ ಖರ್ಚು ಬೇರೆ ಇಲ್ಲ.

ತೂತಿನ ಬಾಯಿಯನ್ನು ಮೇಲುಗಡೆ ಸ್ವಲ್ಪ ಅಗಲಿಸಿ ಸಣ್ಣ ಬಟ್ಟಲಿನಂತೆ ಮಾಡಿ. ಸೀಲಂಟ್ ಅಲ್ಲಿ ಉಂಗುರದಂತೆ ಕೂರುತ್ತದೆ. ರಬ್ಬರಿನಂಥ ಅಂಟುಪಟ್ಟಿ ಬ್ಯುಟೈಲ್ ಟೇಪು ಒಳ್ಳೆಯದು, ಪಾಲಿಯುರೆಥೇನ್ ಸೀಲಂಟೂ ಆದೀತು. ಸಿಲಿಕಾನ್ ಬೇಡ. ಅದರ ಜಿಡ್ಡು ಫೈಬರಿನ ಮೇಲೆ ಉಳಿದುಬಿಟ್ಟರೆ ಆಮೇಲೆ ಅಲ್ಲಿ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಸೀಲಂಟೂ ಹಿಡಿಯುವುದಿಲ್ಲ. ಬಿಗಿ ಮಾಡುವಾಗ ಮೇಲೆ ಬೋಲ್ಟಿನ ತಲೆಯನ್ನು ಒಬ್ಬರು ಅಲುಗದಂತೆ ಹಿಡಿಯಲಿ, ಕೆಳಗಿನಿಂದ ನಟ್ಟು ಮಾತ್ರ ತಿರುಗಲಿ. ತಲೆ ತಿರುಗಿದರೆ ಕೂತ ಸೀಲಂಟ್ ಕಿತ್ತುಹೋಗುತ್ತದೆ. ಅಡಿಯಲ್ಲಿ ಬರೀ ವಾಷರ್ ಸಾಲದು, ಫೈಬರಿನದ್ದೋ ಸ್ಟೀಲಿನದ್ದೋ ಅಗಲ ಪ್ಲೇಟು ಕೊಡಿ. ಕಟಕಟೆಯ ಕಂಬಗಳಿಗಂತೂ ಅದು ಇರಲೇಬೇಕು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಿಳಿ ಬಣ್ಣ ಇರಲಿ, ಕಡು ನೀಲಿ, ಕಡು ಹಸಿರು ಬಿಸಿಲಿಗೆ ವಿಪರೀತ ಕಾಯುತ್ತವೆ. ಜಾರದಿರಲು ಒದ್ದೆ ಬಣ್ಣದ ಮೇಲೆ ಒಣ ಮರಳು ಉದುರಿಸಿ, ಮೇಲೊಂದು ಕೋಟು ಕೊಟ್ಟರಾಯಿತು.

ಕೆಲಸ ಮುಗಿದ ಮೇಲೆ ಮೊದಲ ಜೋರು ಮಳೆ ಬಂದ ಮರುದಿನ ಟಾರ್ಚು ಹಿಡಿದು ಡೆಕ್ಕಿನ ಅಡಿಗೆ ಹೋಗಿ. ಪ್ರತಿ ನಟ್ಟಿನ ಸುತ್ತ ಬೆರಳಾಡಿಸಿ. ತೊಟ್ಟು ನೀರು ಇದ್ದರೆ ಅದರ ಬಣ್ಣ ನೋಡಿ. ತಿಳಿಯಾಗಿದ್ದರೆ ಸೀಲಂಟ್ ಮಾತ್ರ ಬಿಟ್ಟಿದೆ, ಎಪಾಕ್ಸಿಯ ಗೋಡೆ ಮರವನ್ನು ಕಾದಿದೆ. ಆ ಬೋಲ್ಟೊಂದನ್ನೇ ಬಿಚ್ಚಿ, ಹಳೆಯ ಟೇಪು ಕಿತ್ತು, ಹೊಸದು ಹಾಕಿ ಬಿಗಿ ಮಾಡಿ. ಒಂದು ಮಧ್ಯಾಹ್ನದ ಕೆಲಸ. ಚಹಾದ ಬಣ್ಣಕ್ಕೆ ತಿರುಗಿದ್ದರೆ ಆ ನೀರು ಎಲ್ಲೋ ಮರದೊಳಗಿಂದ ಬಂದದ್ದು. ಆಗ ಸ್ಕ್ರೂಡ್ರೈವರ್ ಹಿಡಿದು ಮೇಲೆ ಹೋಗಿ, ಆ ಬೋಲ್ಟಿನಿಂದ ಮೂತಿಯ ಕಡೆಗೆ ತಟ್ಟುತ್ತಾ ಬನ್ನಿ.